ಮೂರನೇ ಮಹಡಿಯ ಹಳೇ ಪೇಟೆ

ಮುಂಬಯಿಯ ಲೋವರ್ ಪರೇಲ್‌ನ ಫೀನಿಕ್ಸ್ ಬಟ್ಟೆ ಮಿಲ್ಲು ಮಾಲ್ ಆದ ಮೇಲೆ ಅದಕ್ಕೆ ಹೈ ಸ್ಟ್ರೀಟ್ ಫೀನಿಕ್ಸ್ ಅಂತ ಹೆಸರಿಟ್ಟರು. ಪೇಟೆ ಬೀದಿ ಅಂತಲೇ ಲೆಕ್ಕ. ಆದರೆ ಈ ಬೀದಿಗೆ ಗೇಟು ಇತ್ತು. ಗೇಟಿನಲ್ಲಿ ಬ್ಯಾಗು ತಡಕುವವರಿದ್ದರು. ದನ ಇಲ್ಲ, ಸೈಕಲ್ ಇಲ್ಲ, ಕೈ ಚಾಚುವವರಂತೂ ಇಲ್ಲವೇ ಇಲ್ಲ. ಬೀದಿಯಲ್ಲಿ ಏನೇನು ಇರುತ್ತದೋ ಅದನ್ನೆಲ್ಲ ಗುಡಿಸಿ ಆಚೆ ಹಾಕಿ, ಉಳಿದದ್ದಕ್ಕೆ ಬೀದಿ ಅಂದರು. ಈಗ ಆ ಹೆಸರೂ ಹೋಗಿ ಫೀನಿಕ್ಸ್ ಪಲ್ಲೇಡಿಯಂ ಆಗಿದೆ. ಮಿಲ್ಲಿನ ಚಿಮಣಿ ಮಾತ್ರ ಹಾಗೇ ನಿಂತಿದೆ. ಹೊಗೆ ಬರಲ್ಲ, ಸೆಲ್ಫಿ ಚೆನ್ನಾಗಿ ಬರುತ್ತೆ.

ಮಿಲ್ಲು 1905ರದ್ದು. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಷ್ಕರಕ್ಕೆ ಕರೆ ಕೊಟ್ಟಾಗ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಹೆಚ್ಚಿನವರು ಮತ್ತೆ ಒಳಗೆ ಹೋಗಲಿಲ್ಲ. ಆಮೇಲೆ ಈ ಜಾಗದಲ್ಲಿ ಬೌಲಿಂಗ್ ಆಲಿ ಬಂತು. ಅದಕ್ಕೆ ಅನುಮತಿ ತೆಗೆದುಕೊಂಡಿದ್ದು ಕಾರ್ಮಿಕರ ಮನರಂಜನೆಯ ಹೆಸರಿನಲ್ಲಿ ಅಂತ ಆಗಿನ ಪತ್ರಿಕೆಗಳು ಬರೆದವು. ಮಗ್ಗ ನಡೆಸುವವನು ಶಿಫ್ಟ್ ಮುಗಿಸಿ ಬಾಡಿಗೆ ಬೂಟು ಹಾಕಿಕೊಂಡು ಚೆಂಡು ಉರುಳಿಸುತ್ತಾನಂತೆ! ವಿಡಂಬನೆ ಬರೆಯೋ ನಮ್ಮಂಥವರ ಹೊಟ್ಟೆ ಮೇಲೆ ಹೀಗೆ ಸರಕಾರಿ ಕಾಗದಗಳೇ ಹೊಡೆಯುತ್ತವೆ.

ಅದಿರಲಿ. ಈಗ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಉಪನಗರದ ಒಂದು ಮಾಲ್‌ನ ಮೂರನೇ ಮಹಡಿಯಲ್ಲಿ ಹಳೇ ಬಾಂಬೆ ಪೇಟೆಯನ್ನೇ ಕಟ್ಟಿ ಕೂರಿಸಿದ್ದಾರೆ. ಸಿಮೆಂಟಿನ ಹೊಸ ಗೋಡೆಗೆ ಹಳೇ ಸುಣ್ಣ ಉದುರಿದ ಹಾಗೆ ಬಣ್ಣ ಬಳಿದಿದ್ದಾರೆ. ಗ್ಯಾಸ್ ದೀಪದ ಕಂಬ ಇದೆ, ಒಳಗೆ ಎಲ್‌ಇಡಿ ಬಲ್ಬು. ಎನಾಮೆಲ್ ಬೋರ್ಡುಗಳಿಗೆ ತುಕ್ಕು ಹಿಡಿಸಿದ್ದಾರೆ. ನಡುವೆ ಒಂದು ಕೈಗಾಡಿ. ಅದರ ನಾಲ್ಕೂ ಚಕ್ರಗಳನ್ನು ಬೋಲ್ಟ್ ಹಾಕಿ ನೆಲಕ್ಕೆ ಬಿಗಿದಿದ್ದಾರೆ. ಮೇಲೆ ಮೇಣದ ಮಾವಿನಹಣ್ಣು. ಪಕ್ಕದಲ್ಲಿ ಚೀಟಿ: ದಯವಿಟ್ಟು ಮುಟ್ಟಬೇಡಿ. ಅಲ್ಲೇ ಕಟಿಂಗ್ ಚಾಯ್ ಸಿಗುತ್ತೆ. ಅರ್ಧ ಲೋಟ ಚಹಾ ಕಟಿಂಗ್ ಆಗಿದ್ದು ಪೂರ್ತಿ ಲೋಟಕ್ಕೆ ಕಾಸಿಲ್ಲದವರಿಗಾಗಿ. ಇಲ್ಲಿ ಒಂದು ಕಟಿಂಗ್‌ಗೆ ಕೊಡೋ ದುಡ್ಡಿನಲ್ಲಿ ಮಾಟುಂಗದಲ್ಲಿ ಹೊಟ್ಟೆ ತುಂಬ ತಿಂದು ಬರಬಹುದು.

ಅದೇ ಮಾಲ್‌ನಿಂದ ಹೊರಗೆ ಬಂದು ಸ್ಟೇಷನ್ ಕಡೆ ನಡೆಯಿರಿ. ಅಲ್ಲಿ ನಿಜವಾದ ಕೈಗಾಡಿ, ನಿಜವಾದ ಮಾವಿನಹಣ್ಣು. ಚಕ್ರ ತಿರುಗುತ್ತೆ. ಮುಟ್ಟಬಹುದು, ಮೂಸಬಹುದು, ಹಿಸುಕಿ ನೋಡಿ ಬೈಸಿಕೊಳ್ಳಬಹುದು. ಅಷ್ಟರಲ್ಲಿ ಪಾಲಿಕೆಯ ಲಾರಿ ಬರುತ್ತೆ. ಗಾಡಿಯನ್ನು ಮಾವಿನ ಸಮೇತ ಎತ್ತಿ ಒಳಗೆ ಹಾಕಿಕೊಳ್ಳುತ್ತೆ. ಬೀದಿ ವ್ಯಾಪಾರಿಗಳನ್ನು ಕಾಪಾಡೋಕೆ ಅಂತ 2014ರಲ್ಲಿ ಕಾನೂನು ಬಂದಿದೆ, ಪಾಪ, ಅದೂ ನೆಲಕ್ಕೆ ಬೋಲ್ಟ್ ಹಾಕಿಸಿಕೊಂಡು ಕೂತಿದೆ. ಗೋಡೆಯದೂ ಇದೇ ಕತೆ. ಮಾಲ್ ಗೋಡೆಯ ಬಿರುಕನ್ನು ಡಿಸೈನರ್ ಫೀಸು ತೆಗೆದುಕೊಂಡು ಬಿಡಿಸಿದ್ದಾನೆ. ಗಿರಗಾಂವ್‌ನ ಚಾಳಿನ ಬಿರುಕನ್ನು ಮಳೆ ಪುಕ್ಕಟೆ ಬಿಡಿಸಿದೆ. ಎರಡನೆಯದಕ್ಕೆ ಅಪಾಯದ ಕಟ್ಟಡ ಅಂತ ನೋಟಿಸ್ ಅಂಟಿಸುತ್ತಾರೆ.

ಈ ನಕಲಿ ಪೇಟೆಯನ್ನು ನೋಡಿ ಕಣ್ಣು ಒದ್ದೆ ಮಾಡಿಕೊಳ್ಳುವವರು ಯಾರು? ನಮ್ಮ ರಾಯರು. ಡೊಂಬಿವಲಿಯಿಂದ ಮೀರಾ ರೋಡಿನವರೆಗೆ ಯಾವ ಕನ್ನಡ ಸಂಘಕ್ಕೆ ಹೋದರೂ ಇವರೊಬ್ಬರು ಸಿಗುತ್ತಾರೆ. ನಿವೃತ್ತ ಬ್ಯಾಂಕ್ ಆಫೀಸರ್. ಬೆಳಗ್ಗೆ ಎದ್ದ ಕೂಡಲೇ ಗ್ರೂಪಿಗೆ ಫ್ಲೋರಾ ಫೌಂಟನ್ನಿನ ಕಪ್ಪು ಬಿಳುಪು ಫೋಟೋ ಹಾಕುತ್ತಾರೆ. ಕೆಳಗೆ ‘ಆ ದಿನಗಳು ಮತ್ತೆ ಬರಲ್ಲ’. ಫೋಟೋದಲ್ಲಿ ಟ್ರಾಮ್ ಓಡ್ತಿರುತ್ತೆ. ಮುಂಬಯಿಯಲ್ಲಿ ಟ್ರಾಮ್ ನಿಂತದ್ದು 1964ರ ಮಾರ್ಚ್ 31ಕ್ಕೆ. ರಾಯರು ಊರಿಂದ ಬಂದು ಇಳಿದದ್ದು ಅದಾಗಿ ಎಷ್ಟೋ ವರ್ಷಕ್ಕೆ. ಆದರೂ ಟ್ರಾಮಿನ ಗಂಟೆ ಇನ್ನೂ ಕಿವಿಯಲ್ಲಿದೆಯಂತೆ.

ರಾಯರಿಗೆ ಪೇಟೆ ಅಂದರೆ ದಕ್ಷಿಣ ಮುಂಬಯಿಯ ಫೋರ್ಟು. ಫೋರ್ಟ್ ಅಂದರೆ ಅಕ್ಬರ್‌ಅಲೀಸ್. 1897ರಲ್ಲಿ ಶುರುವಾದ ಅಂಗಡಿ, ಗುಂಡುಸೂಜಿಯಿಂದ ಸೂಟಿನವರೆಗೆ ಒಂದೇ ಸೂರಿನ ಕೆಳಗೆ. ಮಾಲ್ ಅನ್ನೋ ಮಾತು ಹುಟ್ಟುವ ಮುಂಚೆಯೇ ಮುಂಬಯಿಗೆ ಮಾಲ್ ತೋರಿಸಿದವರು. ಇದನ್ನು ರಾಯರು ವೇದಿಕೆ ಮೇಲೆ ಹೇಳುವಾಗ ಗಂಟಲು ಕಟ್ಟುತ್ತೆ. ಕೆಳಗೆ ಮೊದಲ ಸಾಲಿನಲ್ಲಿ ಕೂತ ಅವರ ಹೆಂಡತಿ ಪಕ್ಕದವರಿಗೆ ಹೇಳ್ತಾರೆ, ‘ಹೋಗ್ತಿದ್ದಿದ್ದು ಹೌದು. ಫ್ಯಾನ್ ಕೆಳಗೆ ನಿಂತು ಬೆವರು ಆರಿಸಿಕೊಳ್ಳೋಕೆ. ಕೊಂಡಿದ್ದು ಒಂದು ಬಾಚಣಿಗೆ.’

ರಾಯರ ಹೆಂಡತಿಗೆ ನೆನಪಿರೋದೆಲ್ಲ ಬೇರೆ. ದೀಪಾವಳಿ ಮುಂಚೆ ಪಾಮೋಲಿನ್ ಎಣ್ಣೆಗೆ ನಿಂತ ಸಾಲು. ಸೀಮೆಣ್ಣೆಯ ಡಬ್ಬ. ಹುಳ ಬಿದ್ದ ರೇಷನ್ ಗೋಧಿ. ರಾಯರ ಬಾಯಲ್ಲಿ ಎಪ್ಪತ್ತರ ದಶಕ ಎಲ್ಲ ಅಗ್ಗ, ಎಲ್ಲ ಶುದ್ಧ, ಎಲ್ಲ ಚಿನ್ನ. ಅದೇ ದಶಕದ 1972ರಲ್ಲಿ ಇದೇ ಮುಂಬಯಿಯಲ್ಲಿ ಮೃಣಾಲ್ ಗೋರೆ, ಅಹಿಲ್ಯಾ ರಾಂಗಣೇಕರ್ ಮುಂದಾಳುತನದಲ್ಲಿ ಹೆಂಗಸರು ಬೆಲೆ ಏರಿಕೆ ವಿರುದ್ಧ ಬೀದಿಗಿಳಿದಿದ್ದರು. ಕೈಯಲ್ಲಿ ಲಟ್ಟಣಿಗೆ, ಇನ್ನೊಂದು ಕೈಯಲ್ಲಿ ತಟ್ಟೆ, ಬಡಿದ ಸದ್ದು ಸಚಿವಾಲಯದವರೆಗೆ. ಅಷ್ಟು ಅಗ್ಗದ ಕಾಲದಲ್ಲಿ ಅಷ್ಟೊಂದು ಜನ ಅಡುಗೆಮನೆ ಬಿಟ್ಟು ತಟ್ಟೆ ಬಡಿದದ್ದು ಯಾಕೆ ಅಂತ ರಾಯರನ್ನು ಕೇಳಬೇಡಿ. ಅವರು ಆಗ ಆಫೀಸಿನಲ್ಲಿದ್ದರು.

ಇನ್ನೂ ತಮಾಷೆ ಅಂದರೆ ಸಭೆಯಲ್ಲಿ ಕೂತವರದ್ದು. ನಮ್ಮ ಕರಾವಳಿಯಿಂದ ಮುಂಬಯಿಗೆ ಬಂದ ಹುಡುಗರಲ್ಲಿ ಎಷ್ಟು ಜನ ಫೋರ್ಟಿನಲ್ಲಿ ಗಿರಾಕಿಗಳಾಗಿದ್ದರು ಹೇಳಿ? ಹೆಚ್ಚಿನವರು ಹೋಟೆಲ್, ಕ್ಯಾಂಟೀನುಗಳಲ್ಲಿ ಲೋಟ ತೊಳೆದವರು, ಟೇಬಲ್ ಒರೆಸಿದವರು. ಹಗಲು ದುಡಿದು ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಕಲಿತವರು. ಅದು ಹೆಮ್ಮೆ ಪಡಬೇಕಾದ ಕತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹುಡುಗ ದೊಡ್ಡ ಅಂಗಡಿಗಳ ಗಾಜು ನೋಡಿದ್ದು ಶಾಲೆ ಮುಗಿಸಿ ವಾಪಸು ಹೋಗುವಾಗ, ಶಟರ್ ಎಳೆದ ಮೇಲೆ. ಈಗ ಅದೇ ಹುಡುಗ ಎಪ್ಪತ್ತು ದಾಟಿ, ಶಾಲು ಹೊದ್ದು, ‘ನಾವು ಫೋರ್ಟಿನಲ್ಲಿ ಶಾಪಿಂಗ್ ಮಾಡ್ತಿದ್ವಿ’ ಅಂತಾನೆ. ಸ್ವಂತ ಬದುಕಿನ ಗಟ್ಟಿ ನೆನಪು ಬಿಟ್ಟು ಪಾರ್ಸಿ ಸಾಹೇಬರ ನೆನಪನ್ನು ಸಾಲ ತಂದು ಅಳೋದು ಅಂದರೆ ಇದೇ.

ಸೀರೆ ಅಂಗಡಿ ವಿಷಯಕ್ಕೆ ಬರೋಣ. ಅದಿಲ್ಲದೆ ಹಳೇ ಪೇಟೆಯ ಭಾಷಣ ಮುಗಿಯಲ್ಲ. ದಾದರ್‌ನ ಅಂಗಡಿ, ಬಿಳಿ ಗಾದಿ, ಚಪ್ಪಲಿ ಹೊರಗೆ. ಮೀಸೆ ಬಿಟ್ಟ ಸೇಲ್ಸ್‌ಮನ್ ಸೀರೆಯನ್ನು ತನ್ನ ಹೆಗಲಿಗೇ ಹಾಕಿ, ಸೆರಗು ಚಾಚಿ, ಕತ್ತು ವಾಲಿಸಿ ನಿಲ್ಲುತ್ತಿದ್ದ. ಮದುವೆ ಹೆಣ್ಣಿಗಿಂತ ಅವನಿಗೇ ಚೆನ್ನಾಗಿ ಒಪ್ಪುತ್ತಿತ್ತು. ಗೋಲ್ಡ್ ಸ್ಪಾಟ್ ಬರುತ್ತಿತ್ತು, ಎರಡು ಬಾಟಲಿ, ಐದು ಸ್ಟ್ರಾ. ಗಾದಿ ತುಂಬ ಸೀರೆಯ ಗುಡ್ಡ. ಅತ್ತೆ ಒಂದೊಂದನ್ನೂ ಎರಡು ಬೆರಳಲ್ಲಿ ಹಿಡಿದು ಉಜ್ಜಿ, ‘ಬಣ್ಣ ಹೋಗುತ್ತಾ?’ ಅನ್ನೋರು. ‘ಇದೇ ಬಣ್ಣದಲ್ಲಿ ಬಾರ್ಡರ್ ಸ್ವಲ್ಪ ಸಣ್ಣದು, ಸೆರಗು ಸ್ವಲ್ಪ ದೊಡ್ಡದು, ರೇಟು ಸ್ವಲ್ಪ ಕಮ್ಮಿ ಇದ್ರೆ ತೋರ್ಸಿ.’ ಸಂಜೆ ಹೊತ್ತಿಗೆ ಗುಡ್ಡ ಅವನ ಸೊಂಟದವರೆಗೆ ಬರುತ್ತಿತ್ತು. ಕೊನೆಗೆ ಎರಡು ಬ್ಲೌಸ್ ಪೀಸು ತೆಗೆದುಕೊಂಡು, ಚೀಲ ಪುಕ್ಕಟೆ ಕೇಳಿ, ‘ಮುಹೂರ್ತ ಆಗಲಿ, ಬರ್ತೀವಿ’ ಅಂತ ಎದ್ದು ಬರುತ್ತಿದ್ದರು. ಗೋಡೆ ಮೇಲೆ ಅಂಗಡಿಯವನೂ ಬರೆದು ಹಾಕಿರುತ್ತಿದ್ದ: ‘ಫ್ಯಾಷನ್ ಯುಗದಲ್ಲಿ ಗ್ಯಾರಂಟಿ ಬಯಸಬೇಡಿ’. ಸರಿಗೆ ಸರಿ.

ಇದನ್ನು ಈಗ ‘ಆತ್ಮೀಯತೆ’ ಅಂತಾರೆ. ಸೀರೆಯನ್ನೆಲ್ಲ ಮತ್ತೆ ಮಡಚಿ ಕಪಾಟಿಗೆ ಸೇರಿಸಿದ ಆ ಹುಡುಗನನ್ನು ಯಾರಾದರೂ ಕೇಳಿದರಾ, ಎಷ್ಟು ಆತ್ಮೀಯ ಅನ್ನಿಸ್ತು ಅಂತ?

ಅಂಗಡಿಯವನು ಅಷ್ಟು ತಾಳ್ಮೆಯಿಂದ ಗೋಲ್ಡ್ ಸ್ಪಾಟ್ ತರಿಸುತ್ತಿದ್ದುದಕ್ಕೆ ಒಂದು ಲೆಕ್ಕದ ಕಾರಣವೂ ಇತ್ತು. ಅದು ಭಾಷಣದಲ್ಲಿ ಬರಲ್ಲ. 1947ರ ಬಾಡಿಗೆ ಕಾಯ್ದೆ ಮುಂಬಯಿಯ ಬಾಡಿಗೆಗಳನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತ್ತು. ಪಗಡಿ, ಅಂದರೆ ಮೊದಲೇ ಒಂದು ದೊಡ್ಡ ಗಂಟು, ಕೊಟ್ಟು ಒಳಹೊಕ್ಕವನಿಗೆ ತಿಂಗಳ ಬಾಡಿಗೆ ನಾಮಕಾವಾಸ್ತೆ. ದಿನಕ್ಕೆ ಎರಡು ಸೀರೆ ಹೋದರೂ ನಡೀತಿತ್ತು. ಮಾಲೀಕ ಮಾತ್ರ ಆ ಬಾಡಿಗೆಯಲ್ಲಿ ಸುಣ್ಣ ಹೊಡೆಸೋಕೂ ಆಗದೆ ಕಟ್ಟಡ ಬೀಳಲಿ ಅಂತ ಕಾದ. ಹಳೇ ಪೇಟೆಯ ಆ ಸಾವಧಾನ, ಆ ನಗು, ಆ ‘ಬನ್ನಿ ಅಕ್ಕಾ ಕೂತ್ಕೊಳ್ಳಿ’ ಎಲ್ಲದರ ಹಿಂದೆ ಒಬ್ಬ ಮನೆ ಮಾಲೀಕನ ಹಲ್ಲು ಕಡಿತ ಇತ್ತು. ರಾಯರೂ ಪಗಡಿ ಮನೆಯಲ್ಲೇ ಇದ್ದವರು. ರೀಡೆವಲಪ್‌ಮೆಂಟ್ ಆದಾಗ ಮೊದಲು ಸಹಿ ಹಾಕಿದವರೂ ಅವರೇ. ಕೆಳಗಿನ ಕಿರಾಣಿ ಅಂಗಡಿ ಹೋಯಿತು, ಅಲ್ಲಿ ಈಗ ಕಾರ್ ಪಾರ್ಕಿಂಗು. ಅದರ ಫೋಟೋವನ್ನೂ ಗ್ರೂಪಿಗೆ ಹಾಕಿದ್ದಾರೆ, ಅಳೋ ಎಮೋಜಿ ಸಮೇತ.

ಮುಚ್ಚಿದ ಅಂಗಡಿಗೆ ನಮ್ಮಲ್ಲಿ ಇರೋ ಮರ್ಯಾದೆ ತೆರೆದ ಅಂಗಡಿಗೆ ಎಂದೂ ಇರಲಿಲ್ಲ. 2016ರ ಫೆಬ್ರವರಿ ಕೊನೆಗೆ ಕಾಲಾ ಘೋಡಾದ ರಿದಮ್ ಹೌಸ್ ಮುಚ್ಚಿತು. ರೆಕಾರ್ಡು, ಕ್ಯಾಸೆಟ್ಟು, ಸೀಡಿ, ಮೂರೂ ಕಾಲ ಕಂಡ ಅಂಗಡಿ. ಸುದ್ದಿ ಬಂದ ಮೇಲೆ ಜನ ಮುಗಿಬಿದ್ದರು. ಎಲ್ಲರ ಕಿವಿಯಲ್ಲೂ ಇಯರ್‌ಫೋನ್, ಅದರಲ್ಲಿ ಪುಕ್ಕಟೆ ಹಾಡು, ಬಾಯಲ್ಲಿ ‘ಎಂಥಾ ಅನ್ಯಾಯ’. ಆಮೇಲೆ ಆ ಜಾಗ ಕೊಂಡದ್ದು ನೀರವ್ ಮೋದಿಯ ಕಂಪನಿ. ಹಾಡಿನ ಜಾಗಕ್ಕೆ ವಜ್ರ ಬರುತ್ತೆ ಅಂದುಕೊಂಡರೆ ಇ.ಡಿ. ಬಂತು.

ಎರಡು ವರ್ಷ ಕಳೆದು 2018ರ ಫೆಬ್ರವರಿಯಲ್ಲಿ ಸ್ಟ್ರಾಂಡ್ ಬುಕ್ ಸ್ಟಾಲ್. ಟಿ.ಎನ್. ಶಾನಭಾಗರು 1948ರಲ್ಲಿ ಕೊಲಾಬಾದ ಸ್ಟ್ರಾಂಡ್ ಸಿನಿಮಾದ ಒಂದು ಮೂಲೆಯಲ್ಲಿ ಶುರು ಮಾಡಿ, ಆಮೇಲೆ ಫೋರ್ಟಿಗೆ ತಂದದ್ದು. ಯಾವ ಪುಸ್ತಕ ಎತ್ತಿದರೂ ರಿಯಾಯಿತಿ. 2003ರಲ್ಲಿ ಪದ್ಮಶ್ರೀ ಬಂದಾಗ ‘ಶಾನಭಾಗರು ನಮ್ಮವರು’ ಅಂತ ನಮ್ಮ ಸಂಘಗಳಲ್ಲಿ ಎದೆ ಉಬ್ಬಿಸಿದ್ದೇ ಉಬ್ಬಿಸಿದ್ದು. ಆದರೆ ಆ ಪುಟ್ಟ ಅಂಗಡಿಯ ಕೊನೆಯ ವರ್ಷಗಳಲ್ಲಿ ನಮ್ಮವರೇ ಪುಸ್ತಕ ಎತ್ತಿ, ಬೆನ್ನು ತಿರುವಿ ಓದಿ, ಬೆಲೆಯ ಫೋಟೋ ತೆಗೆದು, ರೈಲಿನಲ್ಲಿ ಕೂತು ಆನ್‌ಲೈನ್ ಆರ್ಡರ್ ಮಾಡುತ್ತಿದ್ದರು. ಬದುಕಿದ್ದಾಗ ಗುಟುಕು ನೀರು ಕೊಡದವರು ತಿಥಿಗೆ ಹೋಳಿಗೆ ಮಾಡಿದ ಹಾಗೆ, ಮುಚ್ಚಿದ ದಿನ ನೋಡಬೇಕಿತ್ತು ಆ ಶೋಕಗೀತೆಗಳ ಸಾಲು.

ಈಗ ಮಾಲ್‌ಗಳಿಗೂ ಕಣ್ಣೀರು ಶುರುವಾಗಿದೆ. ಹಾಜಿ ಅಲಿ ಹತ್ತಿರ 1999ರಲ್ಲಿ ಕ್ರಾಸ್‌ರೋಡ್ಸ್ ತೆರೆದಾಗ ಒಳಗೆ ಹೋಗೋಕೆ ಕೈಯಲ್ಲಿ ಮೊಬೈಲೋ ಕ್ರೆಡಿಟ್ ಕಾರ್ಡೋ ಇರಬೇಕಿತ್ತು. ಇಲ್ಲದವರಿಗೆ ಟಿಕೆಟ್. ಸಾಮಾನು ಕೊಳ್ಳೋಕೆ ಬಂದವನ ಹತ್ತಿರ ಬಾಗಿಲಲ್ಲೇ ದುಡ್ಡು ಕೇಳಿದರೆ ಗಲಾಟೆ ಆಗದೆ ಇರುತ್ತಾ? ನಿಯಮ ಹೋಯಿತು. ಆಮೇಲೆ ಅದರ ಹೆಸರು ಸೋಬೋ ಸೆಂಟ್ರಲ್ ಆಯಿತು, ಜನ ಕಮ್ಮಿಯಾದರು, ಅಂಗಡಿಗಳು ಒಂದೊಂದಾಗಿ ಖಾಲಿಯಾದವು. ರಾಯರ ಮಗ ಈಗ ಅದರ ಫೋಟೋ ಹಾಕಿ ‘ನಮ್ಮ ಬಾಲ್ಯ’ ಅಂತ ಬರೆಯುತ್ತಾನೆ. ಅಪ್ಪನ ಮಗ.

ಮೊನ್ನೆ ಸಂಘದಲ್ಲಿ ‘ಮರೆಯಾದ ಪೇಟೆ’ ಅಂತ ಒಂದು ವಿಚಾರ ಸಂಕಿರಣ ಇಟ್ಟುಕೊಂಡರು. ಅತಿಥಿಗಳಿಗೆ ಶಾಲು ಬೇಕಿತ್ತು. ರಾಯರು ಖಜಾಂಚಿಯನ್ನು ಕರೆದುಕೊಂಡು ಸ್ಟೇಷನ್ ಎದುರಿನ ಹಳೇ ಬಟ್ಟೆ ಅಂಗಡಿಗೆ ಹೋದರು. ಅದೇ ಗಾದಿ, ಅದೇ ಮರದ ಗಜಕೋಲು. ಗಲ್ಲಾದಲ್ಲಿ ಕೂತವನು ಎರಡನೇ ತಲೆಮಾರು. ಶಾಲು ತೋರಿಸಿದ, ಬಿಡಿಸಿದ, ಅಂಚು ಎಳೆದು ತೋರಿಸಿದ. ನೀರು ತರಿಸಿದ. ರಾಯರು ಮೊಬೈಲ್ ತೆಗೆದು ಅವನ ಮುಖಕ್ಕೆ ಹಿಡಿದರು. ‘ನೋಡಪ್ಪ, ಇದೇ ಶಾಲು, ಆನ್‌ಲೈನಲ್ಲಿ ಅರವತ್ತು ರೂಪಾಯಿ ಕಮ್ಮಿ. ಮನೆ ಬಾಗಿಲಿಗೆ ತಂದು ಕೊಡ್ತಾರೆ.’

ಅವನು ಶಾಲು ಮಡಚಿದ. ‘ಹಾಗಾದ್ರೆ ಅಲ್ಲೇ ತಗೊಳ್ಳಿ ಸರ್. ನಾವೂ ದೀಪಾವಳಿವರೆಗೆ ಅಷ್ಟೇ ಇರೋದು. ಬಿಲ್ಡರ್ ಜೊತೆ ಮಾತಾಗಿದೆ.’

ರಾಯರು ಎದ್ದವರು ಮತ್ತೆ ಕೂತರು. ಕಣ್ಣು ತುಂಬಿ ಬಂತು. ಅವನ ಎರಡೂ ಕೈ ಹಿಡಿದುಕೊಂಡು, ‘ಛೇ, ಎಂಥಾ ಅಂಗಡಿ! ತಾರೀಕು ಗೊತ್ತಾದ ಕೂಡಲೇ ನನಗೊಂದು ಫೋನ್ ಮಾಡಿ. ನಿಮ್ಮನ್ನೂ ಕರೆದು ಸನ್ಮಾನ ಮಾಡೋಣ. ಹಾಲ್ ಎರಡು ತಿಂಗಳು ಮುಂಚೆ ಬುಕ್ ಮಾಡಬೇಕಾಗುತ್ತೆ’ ಅಂದರು.