ಕಾಲು ಮುರಿದರೂ ಪ್ಯಾನ್ ಫಾರ್ಟಿ

ಕೊನೆ ಕೊಯ್ಯಲು ಹತ್ತಿದವನು ಅಡಿಕೆ ಮರದಿಂದ ಜಾರಿ ಹಿಮ್ಮಡಿ ಮುರಿದುಕೊಂಡ ಅಂತಿಟ್ಟುಕೊಳ್ಳಿ. ಹೊಸನಗರದ ಕಡೆಯಿಂದ ಶಿವಮೊಗ್ಗಕ್ಕೆ ತಂದು ಮಲಗಿಸಿದರೆ ಮೊದಲ ಉಪಚಾರ ಹಿಮ್ಮಡಿಗಲ್ಲ, ಜಠರಕ್ಕೆ. ಎಕ್ಸ್-ರೇ ಇನ್ನೂ ಬಂದಿರುವುದಿಲ್ಲ. ಕೇಸ್ ಶೀಟಿನ ಮೊದಲ ಸಾಲಿನಲ್ಲಿ ‘ಇಂಜೆಕ್ಷನ್ ಪ್ಯಾನ್ 40, ಐವಿ, ಓಡಿ’ ಬಂದು ಕೂತಿರುತ್ತದೆ: ಜಠರದ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ, ರಕ್ತನಾಳಕ್ಕೆ, ದಿನಕ್ಕೊಮ್ಮೆ. ಪಕ್ಕದ ಮಂಚದ ಹರ್ನಿಯಾಕ್ಕೂ ಅದೇ, ಆಚೆ ಮಂಚದ ಇಲಿಜ್ವರಕ್ಕೂ ಅದೇ, ಹಾವು ಕಚ್ಚಿದವನಿಗೂ ಅದೇ. ಮಂಚ ಸಿಗದೆ ನೆಲಕ್ಕೆ ಚಾಪೆ ಹಾಸಿಕೊಂಡವನಿಗೂ ತಪ್ಪುವುದಿಲ್ಲ. ಸಮಾನತೆಯನ್ನು ಇಷ್ಟು ಚೊಕ್ಕಟವಾಗಿ ಜಾರಿಗೆ ತಂದ ಯೋಜನೆ ರಾಜ್ಯದಲ್ಲಿ ಇನ್ನೊಂದಿಲ್ಲ.

ಇದನ್ನು ಯಾರು ಬರೆದರು, ಯಾಕೆ ಬರೆದರು ಎಂದು ಹುಡುಕಿ ಹೊರಟರೆ ತಲೆಬುಡ ಸಿಗುವುದಿಲ್ಲ. ರಾತ್ರಿ ಡ್ಯೂಟಿಯ ಕಿರಿಯ ವೈದ್ಯ ಬರೆದ, ಯಾಕೆಂದರೆ ಅವನ ಹಿರಿಯ ಬರೆಯುತ್ತಿದ್ದ. ಬೆಳಿಗ್ಗೆ ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರು ಕೆಳಗೆ ‘ಸಿಎಸ್‌ಟಿ’ ಎಂದು ಗೀಚಿ ಮುಂದಿನ ಮಂಚಕ್ಕೆ ನಡೆದರು: ಇರುವ ಚಿಕಿತ್ಸೆಯೇ ಮುಂದುವರಿಯಲಿ. ಮುಂದುವರಿಯಿತು. ಬರೆದವನನ್ನು ಯಾರೂ ಕಾರಣ ಕೇಳುವುದಿಲ್ಲ. ನಿಲ್ಲಿಸಹೊರಟವನಿಗೆ ಮಾತ್ರ ‘ನಾಳೆ ರಕ್ತ ವಾಂತಿ ಆದ್ರೆ ನೀವು ಹೊಣೆನಾ?’ ಎಂಬ ಪ್ರಶ್ನೆ ಕಾದಿರುತ್ತದೆ.

ರಕ್ತ ವಾಂತಿಯ ಭಯ ಸುಳ್ಳೇನಲ್ಲ, ಆದರೆ ಅದರ ವಿಳಾಸ ಐಸಿಯು. ತೀರಾ ಕಾಯಿಲೆ ಬಿದ್ದವರ ಜಠರದ ಒಳಪದರ ಹುಣ್ಣಾಗಿ ರಕ್ತ ಒಸರುವುದುಂಟು. ಯಾರಿಗೆ ಎಂಬುದನ್ನು 1994ರಲ್ಲೇ ಕೆನಡಾದ ವೈದ್ಯರು ಲೆಕ್ಕ ಹಾಕಿ ಹೇಳಿದ್ದಾರೆ: 48 ಗಂಟೆ ಮೀರಿ ವೆಂಟಿಲೇಟರಿನಲ್ಲಿರುವವರು ಮತ್ತು ರಕ್ತ ಹೆಪ್ಪುಗಟ್ಟದವರು, ಅಂದರೆ ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿಳಿದವರು ಅಥವಾ ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆಯಾದ ಐಎನ್‌ಆರ್ 1.5 ದಾಟಿದವರು. ಮಂಗನ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಕುಸಿದು ಒಸಡಿನಲ್ಲಿ ರಕ್ತ ಬರುತ್ತಿರುವವನಿಗೆ ಕೊಟ್ಟರೆ ಯಾರೂ ಕೊಂಕು ನುಡಿಯಲಾರರು. ಐಸಿಯು ಬಾಗಿಲು ದಾಟಿ ಜನರಲ್ ವಾರ್ಡಿಗೆ ಔಷಧ ಬಂತು, ಕಾರಣ ಅಲ್ಲೇ ಉಳಿಯಿತು. ಅಪಾಯ ಹೆಚ್ಚಿಲ್ಲದ ವಾರ್ಡ್ ರೋಗಿಗಳಿಗೆ ಇದನ್ನು ಬರೆಯಬೇಡಿ ಎಂದು ಅಮೆರಿಕದ ಆಸ್ಪತ್ರೆ ವೈದ್ಯರ ಸಂಘವೇ 2013ರಲ್ಲಿ ಹೇಳಿತು. ಆ ಮಾತು ಕಡಲು ದಾಟಿ ಬಂದು, ಆಗುಂಬೆ ಘಾಟಿ ಹತ್ತುವಾಗ ಬಸ್ಸು ಕೆಟ್ಟು ನಿಂತಿರಬೇಕು.

ಮುಂಜಾಗ್ರತೆ ಎಂದರೇನೆಂದು ತೋಟದವರನ್ನು ಕೇಳಿ. ಕೊಳೆರೋಗ ಬಾರದಿರಲಿ ಎಂದು ಮಳೆ ಹಿಡಿಯುವ ಮೊದಲು ಬೋರ್ಡೋ ಹೊಡೆಯುತ್ತಾರೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ದ್ರಾವಣದಲ್ಲಿ ಹುಳಿ ಉಳಿದಿದೆಯೋ ಎಂದು ಕಬ್ಬಿಣದ ಕತ್ತಿ ಅದ್ದಿ ನೋಡುತ್ತಾರೆ. ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣ. ಹೊಡೆಯುವುದು ಅಡಿಕೆ ಗೊನೆಗೆ. ಹಾದಿಯಲ್ಲಿ ನಿಂತ ಎಮ್ಮೆಗೂ ಒಂದು ಸುತ್ತು ಹೊಡೆಯುವುದಿಲ್ಲ. ವಾರ್ಡಿನಲ್ಲಿ ಎಮ್ಮೆಯನ್ನೂ ಬಿಡುವುದಿಲ್ಲ.

ಇನ್ನು ಕೊಡುವ ವೈಖರಿ. ವಯಲ್‌ನಲ್ಲಿ 40 ಮಿಲಿಗ್ರಾಂ ಪುಡಿ ಇರುತ್ತದೆ. 10 ಎಂಎಲ್ ನಾರ್ಮಲ್ ಸಲೈನ್ ಸೇರಿಸಿ ಕರಗಿಸಿ, ಕನಿಷ್ಠ ಎರಡು ನಿಮಿಷ ನಿಧಾನಕ್ಕೆ ತಳ್ಳಬೇಕು. ಇಲ್ಲವೇ 100 ಎಂಎಲ್ ಬಾಟಲಿಗೆ ಬೆರೆಸಿ ಕಾಲು ಗಂಟೆ ಹನಿಸಬೇಕು. ಮೂವತ್ತು ಮಂದಿಯ ವಾರ್ಡಿನಲ್ಲಿ ಎರಡೆರಡು ನಿಮಿಷವೆಂದರೂ ಒಬ್ಬ ನರ್ಸಿನ ಒಂದು ಗಂಟೆ ಇದಕ್ಕೇ ಹೋಯಿತು. ಹಾಗಾಗಿ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ, ರೋಗಿ ‘ಉರೀತದೆ ಸಿಸ್ಟರ್’ ಅನ್ನುತ್ತಾನೆ. ಅದೇ ಹೊತ್ತಿಗೆ ಅವನ ಇನ್ನೊಂದು ಕೈಯಲ್ಲಿ ಮಗಳು ತಂದ ಇಡ್ಲಿ, ಅಪ್ಪೆಮಿಡಿ ಉಪ್ಪಿನಕಾಯಿ ಸಮೇತ. ಬಾಯಲ್ಲಿ ಇಡ್ಲಿ ಇಳಿಯುವವನಿಗೆ ಗುಳಿಗೆಯೂ ಇಳಿಯುತ್ತದೆ. ನುಂಗಿದ 40ಕ್ಕೂ ಚುಚ್ಚಿದ 40ಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬೇರೆ ಯಾವ ಇಂಜೆಕ್ಷನ್ನೂ ಇಲ್ಲದೆ ಇದೊಂದಕ್ಕಾಗಿ ಕ್ಯಾನುಲಾ ಎಂಬ ಚುಚ್ಚುಕೊಳವೆ ಉಳಿಸಿಕೊಂಡ ಕೈಯನ್ನು ಮುಟ್ಟಿ ನೋಡಿ: ನರ ಕೆಂಪಾಗಿ, ಹುರಿಯ ಹಾಗೆ ಗಟ್ಟಿಯಾಗಿರುತ್ತದೆ. ಬಿಲ್ಲಿನಲ್ಲಿ ವಯಲ್, ಸಿರಿಂಜ್, ಸಲೈನ್, ಐವಿ ಸೆಟ್ ಒಂದೊಂದೇ ಸಾಲು.

‘ನೋವಿನ ಇಂಜೆಕ್ಷನ್ ಕೊಡ್ತಿದೀವಲ್ಲ, ಅದಕ್ಕೆ’ ಎಂಬುದು ಸಿದ್ಧ ಉತ್ತರ. 65 ದಾಟಿದವರಿಗೆ, ಹಿಂದೆ ಅಲ್ಸರ್ ಆದವರಿಗೆ, ಜೊತೆಗೆ ಆಸ್ಪಿರಿನ್, ಸ್ಟೀರಾಯ್ಡ್ ಅಥವಾ ರಕ್ತ ತೆಳುವಾಗಿಸುವ ಔಷಧ ನಡೆಯುತ್ತಿರುವವರಿಗೆ ಸರಿಯಾದ ಉತ್ತರವೇ. ಮೂರು ದಿನ ಡೈಕ್ಲೊಫೆನಾಕ್ ತಗೊಳ್ಳುವ ಇಪ್ಪತ್ತೈದರ ಹುಡುಗನಿಗಲ್ಲ. ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಎದೆ ಉರಿಸುವುದು ಗುಳಿಗೆ ಅನ್ನನಾಳಕ್ಕೆ ಅಂಟಿಕೊಂಡಾಗ. ಒಂದು ಲೋಟ ತುಂಬ ನೀರು ಕುಡಿದು ಅರ್ಧ ಗಂಟೆ ಮಲಗದೆ ಕೂತರೆ ಆಯಿತು. ಆದರೆ ನೀರನ್ನು ಚೀಟಿಯಲ್ಲಿ ಬರೆಯುವುದು ಹೇಗೆ? ಮರ್ಯಾದೆ ಪ್ರಶ್ನೆ.

ರೋಗಿ ಕಡೆಯವರೂ ಕಡಿಮೆಯಿಲ್ಲ. ‘ಗ್ಯಾಸ್ಟ್ರಿಕ್ ಇಂಜೆಕ್ಷನ್ನೇ ಹಾಕ್ಲಿಲ್ಲ ಮಾರಾಯ’ ಎಂದು ಆಸ್ಪತ್ರೆ ಬದಲಾಯಿಸುವವರಿದ್ದಾರೆ. ಹೊಟ್ಟೆಯುಬ್ಬರಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಆಮ್ಲ ಸುರಿಸುವ ಪಂಪುಗಳನ್ನು ಕಟ್ಟಿಹಾಕುವ ಔಷಧ. ಪಂಪುಗಳು ಚಾಲೂ ಆಗುವುದು ಊಟಕ್ಕೆ, ಆದ್ದರಿಂದ ಅರ್ಧ ಗಂಟೆ ಮೊದಲೇ ನುಂಗಬೇಕು. ಪೂರ್ತಿ ಪರಿಣಾಮಕ್ಕೆ ಮೂರ್ನಾಲ್ಕು ದಿನ ಬೇಕು. ಕಡುಬು ಜಾಸ್ತಿಯಾದ ರಾತ್ರಿ ಹನ್ನೊಂದಕ್ಕೆ ನುಂಗಿದವನಿಗೆ ಸಿಗುವುದು ಸಮಾಧಾನ ಮಾತ್ರ.

ಆಮ್ಲವನ್ನು ದೇವರು ಸುಮ್ಮನೆ ಇಟ್ಟಿಲ್ಲ. ಅದು ಹೊಟ್ಟೆಗೆ ಹೋದ ರೋಗಾಣುಗಳನ್ನು ಕೊಲ್ಲುತ್ತದೆ, ಆಹಾರದಿಂದ ಬಿ12 ಬಿಡಿಸುತ್ತದೆ, ಕಬ್ಬಿಣ ಹೀರಲು ನೆರವಾಗುತ್ತದೆ. ಅಮೆರಿಕದ ಔಷಧ ನಿಯಂತ್ರಕರು 2011ರಲ್ಲಿ ಮೆಗ್ನೀಸಿಯಂ ಕುಸಿತ, 2012ರಲ್ಲಿ ಸಿ. ಡಿಫಿಸಿಲ್ ಎಂಬ ಆಸ್ಪತ್ರೆ ಬೇಧಿಯ ಬಗ್ಗೆ ಎಚ್ಚರಿಸಿದರು. ಅದಕ್ಕೂ ಮೊದಲು, 2010ರಲ್ಲಿ, ದೊಡ್ಡ ಡೋಸಿನಲ್ಲಿ ಇಲ್ಲವೇ ವರ್ಷಗಟ್ಟಲೆ ನುಂಗುವವರಲ್ಲಿ ಮೂಳೆ ಮುರಿತ ಹೆಚ್ಚಬಹುದು ಎಂದಿದ್ದರು. ಗುಳಿಗೆಯೇ ಕಾರಣವೋ ಅಲ್ಲವೋ ಎಂಬ ಚರ್ಚೆ ಮುಗಿದಿಲ್ಲ. ಮುಗಿಯುವವರೆಗೆ ಮೂಳೆ ಮುರಿದವರಿಗೆ ಕೊಡುತ್ತಿದ್ದೇವೆ.

ಡಿಸ್ಚಾರ್ಜ್ ಚೀಟಿಯಲ್ಲಿ ಹೊಲಿಗೆ ಬಿಚ್ಚುವ ತಾರೀಕು ಇರುತ್ತದೆ, ಪ್ಲಾಸ್ಟರ್ ತೆಗೆಯುವ ತಾರೀಕು ಇರುತ್ತದೆ, ಪ್ಯಾನ್ ಮುಂದೆ ಬೆಳಿಗ್ಗೆಗೊಂದು ಎಂಬ 1-0-0 ಮಾತ್ರ. ಕೆಂಪು ಗೀಟಿನ ಪಟ್ಟಿಯಾದರೂ ಊರಿನ ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳುವವರಿಲ್ಲ. ಐದು ಸಾಕೆಂದರೆ ‘ಪಟ್ಟಿ ಕತ್ತರಿಸಲ್ಲ’ ಎಂದು ಹದಿನೈದು ಕೊಡುತ್ತಾರೆ. ಎರಡು ತಿಂಗಳು ನುಂಗಿ ಬಿಟ್ಟ ಮೇಲೆ ತಮಾಷೆ ಶುರು. ಕಟ್ಟಿಹಾಕಿದ್ದ ಜಠರ ದುಪ್ಪಟ್ಟು ಹುರುಪಿನಲ್ಲಿ ಆಮ್ಲ ಸುರಿಸುತ್ತದೆ. ಡೆನ್ಮಾರ್ಕಿನಲ್ಲಿ ಹೊಟ್ಟೆಯ ದೂರೇ ಇಲ್ಲದವರಿಗೆ ಎಂಟು ವಾರ ಇದೇ ಜಾತಿಯ ಗುಳಿಗೆ ತಿನ್ನಿಸಿ ನಿಲ್ಲಿಸಿದಾಗ ನೂರಕ್ಕೆ 44 ಮಂದಿಗೆ ಎದೆಯುರಿ, ಹುಳಿತೇಗು ಬಂತು; ಹುಸಿ ಗುಳಿಗೆ ತಿಂದವರಲ್ಲಿ 15 ಮಂದಿಗೆ. 2009ರಲ್ಲಿ ಪ್ರಕಟವಾದ ಲೆಕ್ಕ. ‘ನೋಡಿ, ಬಿಟ್ರೆ ಆಗಲ್ಲ ನಂಗೆ’ ಎಂದು ನಮ್ಮವರು ಮತ್ತೆ ಅಂಗಡಿಗೆ ಹೋಗುತ್ತಾರೆ. ಗಿರಾಕಿಯನ್ನು ತಾನೇ ಹುಟ್ಟಿಸಿಕೊಳ್ಳುವ ಸರಕು!

ಹಾಗೆಂದು ಇದನ್ನು ಓದಿ ಪಟ್ಟಿಯನ್ನು ತುಂಗೆಗೆ ಎಸೆಯಬೇಡಿ. ಅಲ್ಸರ್ ರಕ್ತಸ್ರಾವ ಆದವರು, ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ನುಂಗುವವರು, ಅನ್ನನಾಳ ತೀವ್ರವಾಗಿ ಹುಣ್ಣಾದವರು ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು. ಉಳಿದವರು 40ರಿಂದ 20ಕ್ಕೆ, ಆಮೇಲೆ ದಿನ ಬಿಟ್ಟು ದಿನಕ್ಕೆ ಇಳಿಸಿ, ನಡುವೆ ಉರಿದರೆ ಆಂಟಾಸಿಡ್ ಕುಡಿದು ಕೆಲವು ವಾರ ತಡೆದುಕೊಳ್ಳಬಹುದು. ಡಿಸ್ಚಾರ್ಜ್ ದಿನವೇ ಇದು ಯಾವುದಕ್ಕೆ, ಯಾವತ್ತು ನಿಲ್ಲಿಸಲಿ ಎಂದು ಕೇಳಿ ತಾರೀಕು ಬರೆಸಿಕೊಳ್ಳಿ. ‘ಹೊಟ್ಟೆಗೆ ಒಳ್ಳೇದು, ಇರ್ಲಿ’ ಎಂದರೆ ಇನ್ನೊಮ್ಮೆ ಕೇಳಿ.