ಅಬ್ಬನ ಹೆಸರಿನ ಟಗರು, ಅಬ್ಬನ ತಂಗಿಯ ಓಲೆ

ಬಕ್ರೀದ್ ಮುಗಿದು ಹದಿನೈದು ದಿನ ಆಯ್ತು. ಒಂದು ವಿಷಯ ತಲೆಯಿಂದ ಹೋಗುತ್ತಲೇ ಇಲ್ಲ. ಫುಪ್ಪುವಿನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಫುಪ್ಪು ಅಂದರೆ ನಮ್ಮ ಅಬ್ಬನ ತಂಗಿ, ನನ್ನ ಸೋದರತ್ತೆ.

ನಾವು ಮೂವರು ಅಣ್ಣತಮ್ಮಂದಿರು. ಮೂವರ ಮೇಲೂ ಕುರ್ಬಾನಿ (ಹಬ್ಬದ ಬಲಿ) ವಾಜಿಬ್, ಅಂದರೆ ಕಡ್ಡಾಯ, ಹಾಗಾಗಿ ಮೂರು ಟಗರು. ಅದರ ಜೊತೆಗೆ ತೀರಿಹೋದ ಅಬ್ಬನ ಹೆಸರಲ್ಲಿ ನಾಲ್ಕನೆಯದು. ಆರು ವರ್ಷದಿಂದ ಹೀಗೇ ನಡೆದು ಬಂದಿದೆ. ಅಬ್ಬನ ಹೆಸರಿನದು ಉಳಿದ ಮೂರಕ್ಕಿಂತ ದೊಡ್ಡದಿರಬೇಕು ಅನ್ನೋದು ಭಾಯಿಯ, ಅಂದರೆ ನಮ್ಮಣ್ಣನ ಆಸೆ. ಈ ಸಲ ಅದಕ್ಕೆ 34 ಸಾವಿರ ಕೊಟ್ಟೆವು.

ಎರಡನೇ ದಿನ ಮಾಂಸ ತಗೊಂಡು ದಾವಣಗೆರೆಗೆ, ಫುಪ್ಪು ಮನೆಗೆ ಹೋದೆ. ಅವರ ಗಂಡ ಫುಪ್ಪಾ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದವರು, ಈಗಿಲ್ಲ. ಮನೆಯಲ್ಲಿ ಫುಪ್ಪು ಮತ್ತು ಮೊಮ್ಮಗ ಇಬ್ಬರೇ. "ಇಷ್ಟೊಂದು ಯಾಕೆ ತಂದೆ ಬೇಟಾ, ಎಲ್ಲಿಡಲಿ?" ಅಂದರು. ಫ್ರಿಜ್ ಕೆಟ್ಟು ಎರಡು ವರ್ಷ ಆಗಿದೆಯಂತೆ. ನಾನು ಕೂತಿರುವಾಗಲೇ ಅರ್ಧ ಮಾಂಸ ಉದ್ದುದ್ದ ಕೊಯ್ದು, ಉಪ್ಪು ಅರಿಶಿನ ಸವರಿ, ಒಣಗಿಸೋಕೆ ದಾರಕ್ಕೆ ಪೋಣಿಸತೊಡಗಿದರು. ಆಗ ಅವರ ಕಿವಿ ನೋಡಿದೆ. ಓಲೆ ಇರಲಿಲ್ಲ. ಎರಡೂ ಕಿವಿಯಲ್ಲಿ ಬೇವಿನ ಕಡ್ಡಿ.

ಕೇಳಿದರೆ ಮಾತು ಮರೆಸಿದರು. ಹೊರಗೆ ಬಂದಾಗ ಮೊಮ್ಮಗ ಹೇಳಿದ. ಅವನ ಐಟಿಐ ಫೀಸಿಗೆ ಅಂತ 22 ಸಾವಿರಕ್ಕೆ ಗಿರವಿ ಇಟ್ಟಿದ್ದಾರೆ, ತಿಂಗಳು ತಿಂಗಳು ಬಡ್ಡಿ ಕಟ್ಟುತ್ತಿದ್ದಾರೆ. ಬಡ್ಡಿ ಹರಾಮ್ ಅಂತ ನಮಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟವರೇ ಈ ಫುಪ್ಪು. ವಾಪಸ್ ಬರುವಾಗ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಎರಡೇ ಅಂಕಿ, 34 ಮತ್ತು 22.

ಕುರ್ಬಾನಿ ಬಿಡಿ, ಆ ದುಡ್ಡು ಬಡವರಿಗೆ ಕೊಡಿ ಅಂತ ನಾನು ಹೇಳುತ್ತಿಲ್ಲ. ಪ್ರತಿ ಬಕ್ರೀದಿಗೂ ಈ ಮಾತು ಬರುತ್ತೆ, ನಾನು ಒಪ್ಪುವುದಿಲ್ಲ. ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನಿಗೆ ತಲುಪಲ್ಲ, ನಿಮ್ಮ ತಖ್ವಾ (ದೇವಭಕ್ತಿ) ತಲುಪುತ್ತೆ ಅನ್ನುವ, ಕುರ್ಆನಿನ ಸೂರಃ ಹಜ್ಜ್‌ನ 37ನೇ ಆಯತ್ತನ್ನು (ವಚನವನ್ನು) ಎಲ್ಲರೂ ಹೇಳುತ್ತಾರೆ. ಅದರ ಹಿಂದಿನ ಆಯತ್ತಿನಲ್ಲೇ ನೀವೂ ತಿನ್ನಿ, ಕೇಳುವವರಿಗೂ ಕೇಳದವರಿಗೂ ತಿನ್ನಿಸಿ ಅಂತ ಇದೆ, ಅದನ್ನು ಯಾಕೆ ಬಿಡುತ್ತಾರೆ? ನಮ್ಮ ಹನಫಿ ಪಂಥದವರಲ್ಲಿ ಅನುಕೂಲ ಇದ್ದವರಿಗೆ ಕುರ್ಬಾನಿ ವಾಜಿಬ್. ಹಬ್ಬದ ಮೂರು ದಿನದೊಳಗೆ ಬದಲಿಗೆ ದುಡ್ಡು ಕೊಟ್ಟರೆ ಅದು ತೀರಲ್ಲ. ದಿನ ಕಳೆದುಹೋದರೆ ಮಾತ್ರ ಅದರ ಬೆಲೆಯನ್ನು ಸದಖಾ (ದಾನ) ಮಾಡಬೇಕು. ಕರಾವಳಿಯ ಬ್ಯಾರಿಗಳು ಹೆಚ್ಚಿನವರು ಶಾಫಿ ಪಂಥದವರು, ಅವರಿಗೆ ಅದು ಬಲವಾದ ಸುನ್ನತ್, ಅಂದರೆ ಪ್ರವಾದಿ ಪಾಲಿಸಿದ ರೂಢಿ, ಕಡ್ಡಾಯ ಅಲ್ಲ. ಇನ್ನು ವರ್ಷವಿಡೀ ಕುರಿ ಸಾಕಿ ಈ ಹಬ್ಬದ ವ್ಯಾಪಾರಕ್ಕೆ ಕಾಯುವ ಕುರಿಗಾಹಿಗಳ ಮನೆಗೂ ಈ ದುಡ್ಡೇ ಹೋಗುತ್ತೆ. ಹಾಗಾಗಿ ಮೊದಲ ಮೂರು ಟಗರಿನ ಬಗ್ಗೆ ನನ್ನ ತಕರಾರಿಲ್ಲ.

ನನ್ನ ಪ್ರಶ್ನೆ ಇರೋದು ನಾಲ್ಕನೆಯದರ ಬಗ್ಗೆ. ಅಬ್ಬ ವಸಿಯ್ಯತ್ (ಉಯಿಲು) ಏನೂ ಮಾಡಿರಲಿಲ್ಲ. ಅದು ನಫಿಲ್. ಮಾಡಿದರೆ ಪುಣ್ಯ, ಬಿಟ್ಟರೆ ಗುನಾಹ್ ಇಲ್ಲ. ಅಲ್ಲಿ ನಮಗೆ ಆಯ್ಕೆ ಇದೆ. ಆಯ್ಕೆ ಇರುವ ಕಡೆ ತೂಗಿ ನೋಡಬೇಕು ಅಲ್ವಾ?

ಪ್ರವಾದಿ(ಸ) ಕಾಲದಲ್ಲಿ ಒಬ್ಬ ಮನುಷ್ಯ ತನಗೂ ತನ್ನ ಮನೆಯವರಿಗೂ ಸೇರಿಸಿ ಒಂದೇ ಕುರಿ ಕೊಡುತ್ತಿದ್ದ, ತಿನ್ನುತ್ತಿದ್ದರು, ತಿನ್ನಿಸುತ್ತಿದ್ದರು, ಆಮೇಲೆ ಜನ ಜಂಬ ಕೊಚ್ಚಿಕೊಳ್ಳತೊಡಗಿದರು ಅಂತ ಪ್ರವಾದಿಯ ಸಂಗಾತಿ ಅಬೂ ಅಯ್ಯೂಬ್ ಅನ್ಸಾರಿ(ರ) ಹೇಳಿದ್ದು ತಿರ್ಮಿದಿ ಹದೀಸ್ ಸಂಗ್ರಹದಲ್ಲಿದೆ. ಅವರ ಕಾಲಕ್ಕೇ ಈ ಮಾತು! ಒಂದು ವರ್ಷ ಹಸಿದ ಜನ ಮದೀನಾಕ್ಕೆ ಬಂದಿದ್ದರು, ಆಗ ಮೂರು ದಿನಕ್ಕಿಂತ ಜಾಸ್ತಿ ಮಾಂಸ ಇಟ್ಟುಕೊಳ್ಳಬೇಡಿ ಅಂತ ಪ್ರವಾದಿ(ಸ) ತಡೆದರು. ಮುಂದಿನ ವರ್ಷ ಇಟ್ಟುಕೊಳ್ಳಿ ಅಂದರು. ಆ ವರ್ಷ ಕಷ್ಟದಲ್ಲಿ ಯಾರಿದ್ದಾರೆ ಅಂತ ನೋಡಿ ಹೇಳಿದ ಮಾತು ಅದು.

ಬಂಧುಗಳ ವಿಷಯದಲ್ಲಂತೂ ಗೊಂದಲವೇ ಇಲ್ಲ. ಬಡವನಿಗೆ ಕೊಟ್ಟರೆ ಒಂದು ಸದಖಾ, ಬಂಧುವಿಗೆ ಕೊಟ್ಟರೆ ಎರಡು, ಸದಖಾ ಒಂದು, ಸಂಬಂಧ ಉಳಿಸಿದ್ದು ಇನ್ನೊಂದು. ಇನ್ನೊಬ್ಬ ಸಂಗಾತಿ ಅಬೂ ತಲ್ಹಾ(ರ) ತಮಗೆ ತುಂಬಾ ಇಷ್ಟವಾದ ಬೈರುಹಾ ತೋಟವನ್ನು ಅಲ್ಲಾಹನ ದಾರಿಯಲ್ಲಿ ಕೊಡ್ತೀನಿ ಅಂದಾಗ, ಅದನ್ನು ನಿನ್ನ ಬಂಧುಗಳಿಗೇ ಹಂಚು ಅಂದರು ಪ್ರವಾದಿ(ಸ).

ನನ್ನನ್ನು ಜಾಸ್ತಿ ತಟ್ಟಿದ್ದು ಖಲೀಫ ಉಮರ್ ಅವರ ಮಗ ಇಬ್ನ್ ಉಮರ್(ರ) ಅವರ ಘಟನೆ. ಮಕ್ಕಾದ ದಾರಿಯಲ್ಲಿ ಒಬ್ಬ ಹಳ್ಳಿಯವನು ಸಿಕ್ಕಾಗ ತಾವು ಕೂತಿದ್ದ ಕತ್ತೆಯನ್ನೂ ತಲೆಯ ಪೇಟವನ್ನೂ ಅವನಿಗೆ ಕೊಟ್ಟುಬಿಟ್ಟರು. ಅಷ್ಟೊಂದು ಯಾಕೆ ಅಂತ ಜೊತೆಯವರು ಕೇಳಿದರೆ, ಇವನ ಅಪ್ಪ ನನ್ನ ಅಪ್ಪನ ಸ್ನೇಹಿತ ಅಂದರು. ಅಪ್ಪನ ಸ್ನೇಹಿತನ ಮಗನಿಗೇ ಇಷ್ಟು ಅಂದ ಮೇಲೆ ಅಪ್ಪನ ಸ್ವಂತ ತಂಗಿಗೆ ಎಷ್ಟು?

ಅಬ್ಬ ಇದ್ದಾಗ ಪ್ರತಿ ತಿಂಗಳು ಸಂಬಳದ ದಿನ ಫುಪ್ಪು ಮನೆಗೆ ಒಂದು ಚೀಲ ಅಕ್ಕಿ ಹಾಕಿಸುತ್ತಿದ್ದರು. ಒಂದು ತಿಂಗಳೂ ತಪ್ಪಿಸಿದ್ದು ನಾನು ಕಾಣೆ. ಅವರು ಹೋದ ಮೇಲೆ ಅದು ನಿಂತುಹೋಯ್ತು. ನಿಲ್ಲಿಸೋಣ ಅಂತ ನಾವ್ಯಾರೂ ಕೂತು ಮಾತಾಡಲಿಲ್ಲ, ಸುಮ್ನೆ ಯಾರೂ ಮುಂದುವರಿಸಲಿಲ್ಲ. ಅಬ್ಬ ಬದುಕಿದ್ದಾಗ ಮಾಡುತ್ತಿದ್ದ ಕೆಲಸ ಬಿಟ್ಟು, ಅವರು ಕೇಳದ ಟಗರನ್ನು ಅವರ ಹೆಸರಲ್ಲಿ ಹಿಡಿದುಕೊಂಡೆವು.

ಜಕಾತ್, ಅಂದರೆ ಉಳ್ಳವರು ಕೊಡಲೇಬೇಕಾದ ವಾರ್ಷಿಕ ದಾನ ಕೂಡ ಹಾಗೇ ಆಗಿದೆ. ಪ್ರತಿ ರಂಜಾನ್‌ನಲ್ಲಿ ರಸೀದಿ ಹಿಡಿದು ಬಂದವರಿಗೆ ಕೊಟ್ಟು ಮುಗಿಸುತ್ತೇವೆ. ಅಪ್ಪ ಅಮ್ಮ, ಅಜ್ಜ ಅಜ್ಜಿ, ಮಕ್ಕಳು ಮೊಮ್ಮಕ್ಕಳು, ಹೆಂಡತಿ ಇವರಿಗೆ ನಮ್ಮ ಜಕಾತ್ ಕೊಡುವ ಹಾಗಿಲ್ಲ. ಆದರೆ ಕಷ್ಟದಲ್ಲಿರುವ ಅಣ್ಣ, ತಂಗಿ, ಫುಪ್ಪು, ಖಾಲಾ (ಅಮ್ಮನ ಅಕ್ಕತಂಗಿ) ಇವರಿಗೆಲ್ಲ ಕೊಡಬಹುದು. ಕೊಡುವಾಗ ಇದು ಜಕಾತ್ ಅಂತ ಹೇಳಬೇಕಾಗಿಯೂ ಇಲ್ಲ, ಮನಸ್ಸಲ್ಲಿ ನಿಯ್ಯತ್ (ಸಂಕಲ್ಪ) ಇದ್ದರೆ ಸಾಕು. ಕೈ ಚಾಚೋಕೆ ನಾಚುವ ಹಿರಿಯರಿಗೆ ಇದು ಎಷ್ಟು ದೊಡ್ಡ ಮರ್ಯಾದೆ ಅಂತ ನನಗೆ ಈಗ ಅರ್ಥ ಆಗುತ್ತಿದೆ.

ಭಾಯಿ ಹತ್ತಿರ ಹೇಳಿದೆ. "ಅಬ್ಬನ ಹೆಸರಿನ ಕುರ್ಬಾನಿ ನಿಲ್ಲಿಸಬೇಕಾ?" ಅಂತ ಕಣ್ಣಲ್ಲಿ ನೀರು ತಂದುಕೊಂಡರು. ತೋರಿಕೆಗೆ ಮಾಡುವವರಲ್ಲ ಅವರು, ಆ ಟಗರಿನ ಮೈ ಸವರುತ್ತಾ ಅಬ್ಬನಿಗೆ ದುವಾ ಮಾಡೋದನ್ನು ನಾನೇ ನೋಡಿದ್ದೇನೆ. ಎರಡೂ ಮಾಡೋಣ ಅಂದರು. ಆಗುವುದಾದರೆ ಎರಡೂ ಮಾಡೋಣ ಭಾಯಿ, ಖಂಡಿತ. ಆದರೆ ಆರು ವರ್ಷದಲ್ಲಿ ಟಗರು ಒಂದು ಸಲವೂ ತಪ್ಪಲಿಲ್ಲ, ಅಕ್ಕಿ ಒಂದು ಸಲವೂ ಹೋಗಲಿಲ್ಲ.

ಹೋದ ಭಾನುವಾರ ಓಲೆ ಬಿಡಿಸಿ ಫುಪ್ಪು ಕೈಗೆ ಕೊಟ್ಟು ಬಂದೆ. ಈ ತಿಂಗಳ ಅಕ್ಕಿ ನಾನು ಹಾಕಿಸಿದ್ದೇನೆ. ಮುಂದಿನ ತಿಂಗಳದ್ದು ನೀವು ಹಾಕಿಸಿ ಭಾಯಿ, ಅಂಗಡಿಯವನಿಗೆ ಅಬ್ಬನ ಹೆಸರು ಹೇಳಿದರೆ ಸಾಕು, ಮನೆ ಅವನಿಗೆ ಇನ್ನೂ ನೆನಪಿದೆ.