ಈ ಊರಿಗೆ ಪಾಮ್ ಯಾಕೆ, ಹೊಂಗೆ ಇರುವಾಗ?

ಬೆಳಿಗ್ಗೆಯಿಂದ ಮನಸ್ಸು ಸರಿಯಿಲ್ಲ. ನಮ್ಮ ಬಡಾವಣೆ ಪಾರ್ಕಿನಲ್ಲಿ ಹೋದ ವರ್ಷ ನೆಟ್ಟ ಪಾಮ್ ಗಿಡಗಳು ಸುಟ್ಟ ಹಾಗೆ ಒಣಗಿವೆ. ಅವುಗಳ ಬುಡಕ್ಕೆ ಟ್ಯಾಂಕರ್ ನೀರು ಬಿಡುತ್ತಿದ್ದರು. ಅದೇ ಬೀದಿಯ ನಲ್ಲಿಗಳಲ್ಲಿ ನೀರು ಬಂದು ಎಂಟು ದಿನ! ವರ್ಷಪೂರ್ತಿ ಹರಿಯುವ ಒಂದು ಹೊಳೆಯೂ ಇಲ್ಲದ ಕೋಲಾರ ಇದು. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ, 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ಪೈಪಿನಲ್ಲಿ ತಂದು ಕೆರೆ ತುಂಬಿಸುತ್ತಿರುವ ಜಿಲ್ಲೆ.

ಅದೇ ಪಾರ್ಕಿನ ಬೇಲಿಯಾಚೆ ಒಂದು ಹಳೇ ಹೊಂಗೆ ಮರ ಇದೆ. ಅದಕ್ಕೆ ಯಾರೂ ಒಂದು ಚೊಂಬು ನೀರು ಹಾಕಿದ್ದು ನಾನು ನೋಡಿಲ್ಲ. ಯುಗಾದಿ ಹೊತ್ತಿಗೆ ಎಲೆ ಉದುರಿಸಿ, ನೆತ್ತಿ ಸುಡುವ ಬಿಸಿಲು ಬರುವಷ್ಟರಲ್ಲಿ ಮೈತುಂಬ ಹೊಸ ಎಲೆ ಹೊತ್ತು ನಿಂತಿರುತ್ತದೆ. ಹೂ ಮಾರುವ ಅಮ್ಮ, ಆಟೋದವರು, ಬೀದಿ ನಾಯಿಗಳು, ಎಲ್ಲರೂ ಅದರ ಕೆಳಗೇ. ಪಾಮ್ ಕೆಳಗೆ ಯಾರು ಕೂರುತ್ತಾರೆ ಹೇಳಿ?

2021ರ ನವೆಂಬರ್ ನೆನಪಿದೆ ಅಲ್ವಾ? ಕೆರೆಗಳು ಕೋಡಿ ಬಿದ್ದವು, ರಾಗಿ ತೆನೆ ಹೊಲದಲ್ಲೇ ಮೊಳಕೆ ಬಂತು. ಎರಡೇ ವರ್ಷಕ್ಕೆ ಬರ, 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ನಮಗೆ ಬೇಕಿರುವುದು ಇವೆರಡನ್ನೂ ತಡೆದುಕೊಳ್ಳುವ ಮರ. ಹೊಂಗೆ ಹಳ್ಳದ ದಂಡೆಯಲ್ಲೂ ಬೆಳೆಯುತ್ತದೆ, ಬುಡದಲ್ಲಿ ನಾಲ್ಕು ದಿನ ನೀರು ನಿಂತರೂ ಸಾಯಲ್ಲ, ಬೇರು ಆಳಕ್ಕೆ ಇಳಿಯುವುದರಿಂದ ಬರದಲ್ಲೂ ನಿಲ್ಲುತ್ತದೆ. ಬರೀ ಹೊಂಗೆಯನ್ನೇ ನೆಡಿ ಅಂತಿಲ್ಲ, ಒಂದೇ ಜಾತಿಯಾದರೆ ಒಂದು ರೋಗಕ್ಕೆ ಎಲ್ಲ ಹೋಗಬಹುದು. ತಗ್ಗಿನಲ್ಲಿ ನೇರಳೆ ಇಡಿ. ಬೇವಿಗೆ ನೀರು ನಿಂತರೆ ಆಗಲ್ಲ, ಅದು ಎತ್ತರದ ಕಡೆ ಇರಲಿ.

ಹೊಂಗೆ ಎಲೆ, ಕಾಯಿ ಉದುರಿ ಕಸ ಆಗುತ್ತದೆ ಅಂತಾರೆ. ನಮ್ಮ ಅಜ್ಜಂದಿರು ಅದೇ ಸೊಪ್ಪನ್ನು ಗದ್ದೆಗೆ ತುಳಿದರು, ಅದೇ ಕಾಯಿಯ ಎಣ್ಣೆಯಲ್ಲಿ ದೀಪ ಹಚ್ಚಿದರು. ಗುಡಿಸಬೇಕಲ್ಲ ಅಂತ ನೆರಳೇ ಬೇಡ ಅನ್ನೋದಾ?

ಒಂದು ಮಾತು ಹೇಳಲೇಬೇಕು. ಮನೆ ಕಟ್ಟಿಸುವಾಗ ಗೇಟಿಗೆ ಅಡ್ಡ ಅಂತ ಒಂದು ಹೊಂಗೆ ಕಡಿಸಲು ನಾನೂ ಒಪ್ಪಿದ್ದೆ. ಅವತ್ತು ಅಪ್ಪ ಊಟ ಮಾಡಲಿಲ್ಲ. ಈಗ ಏಪ್ರಿಲ್ ಮಧ್ಯಾಹ್ನ ನಮ್ಮ ಮುಂದಿನ ಕೋಣೆಯಲ್ಲಿ ಕೂರುವುದಕ್ಕೇ ಆಗಲ್ಲ.

ಒಣಗಿದ ಜಾಗಕ್ಕೆ ಮತ್ತೆ ಪಾಮ್ ತರುತ್ತಾರಂತೆ, ಜೂನ್ 5ಕ್ಕೆ ನೆಡುತ್ತಾರಂತೆ. ಬೇಡ. ನಮ್ಮಲ್ಲಿ ಜಾಸ್ತಿ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಷ್ಟರೊಳಗೆ ಗುಂಡಿ ತೆಗೆದಿಡಿ, ಆಳೆತ್ತರದ ಹೊಂಗೆ ಸಸಿ ತನ್ನಿ. ಮೊದಲ ಎರಡು ಬೇಸಿಗೆ ನೀರು ಹಾಕುವ ಕೆಲಸ ನನ್ನದು. ನಮ್ಮ ಬೀದಿಯ ಇನ್ನೂ ನಾಲ್ಕು ಮನೆಯವರು ಒಪ್ಪಿದ್ದಾರೆ.